ತಾಳಮದ್ದಳೆಯ ನಡುವಿನ ಜಾಹೀರಾತು: ಮೂರು ಬ್ಲಾಕರ್‌ಗಳನ್ನು ಬಳಸಿ ನೋಡಿದಾಗ

ಶಿರಸಿ ಸಮೀಪದ ನಮ್ಮ ಹಳ್ಳಿಮನೆಯಲ್ಲಿ ರಾತ್ರಿ ಊಟವಾದ ಮೇಲೆ ಆಯಿ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬಿನ ತಾಳಮದ್ದಳೆ ಕೇಳುತ್ತಾಳೆ. ಕರ್ಣನ ಅರ್ಥ ಹೇಳುವವರ ಮಾತು ತುದಿಗೇರುವ ಹೊತ್ತಿಗೇ ಸಾಬೂನಿನ ಜಾಹೀರಾತು ಬಂದರೆ ಅವಳಿಗಾಗುವ ಕಸಿವಿಸಿಯನ್ನು ನೋಡಲಾಗದೆ, ಈ ಮಳೆಗಾಲದಲ್ಲಿ ಜಾಹೀರಾತು ತಡೆಯುವ ಮೂರು ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳನ್ನು) ತಲಾ ಎರಡು ವಾರ ಬಳಸಿ ನೋಡಿದೆ. ಮೊಬೈಲ್ ಹಾಟ್‌ಸ್ಪಾಟನ್ನೇ ನಂಬಿರುವ ನಮಗೆ ಜಾಹೀರಾತು ನುಂಗುವ ಡೇಟಾ ಕೂಡ ಲೆಕ್ಕಕ್ಕೆ ಬರುತ್ತದೆ.

ಮೊದಲು ಹಾಕಿದ್ದು ಆಡ್‌ಬ್ಲಾಕ್ ಪ್ಲಸ್. ಹಾಕಿದ ಕೂಡಲೇ ಕೆಲಸ ಮಾಡುವ ಸರಳತೆ ಅದರದು. ಆದರೆ 2011ರಿಂದ ಅದರಲ್ಲಿ ‘ಒಪ್ಪಬಹುದಾದ ಜಾಹೀರಾತು’ ಎಂಬ ಏರ್ಪಾಡಿದ್ದು, ನಿಗದಿತ ನಿಯಮಗಳಿಗೆ ಒಳಪಟ್ಟ ಜಾಹೀರಾತುಗಳು ನಾವು ಸೆಟ್ಟಿಂಗ್ಸ್‌ನಲ್ಲಿ ಬೇಡವೆನ್ನುವವರೆಗೂ ಕಾಣಿಸುತ್ತಲೇ ಇರುತ್ತವೆ. ತಡೆಯಲೆಂದು ತಂದ ಸಾಧನ ತಾನೇ ಬಾಗಿಲು ತೆರೆದಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ನಿಜವಾದ ಹೋಲಿಕೆ ಇರುವುದು ಯುಬ್ಲಾಕ್ ಒರಿಜಿನ್ ಮತ್ತು ಯುಬ್ಲಾಕ್ ಒರಿಜಿನ್ ಲೈಟ್ ನಡುವೆ. ಎರಡನ್ನೂ ರೂಪಿಸಿದವರು ರೇಮಂಡ್ ಹಿಲ್. ಎರಡೂ ಉಚಿತ, ಎರಡರ ಮೂಲ ಕೋಡ್ ಕೂಡ ಮುಕ್ತ. ಮೊದಲನೆಯದು ವೆಬ್ ಪುಟ ಚಿತ್ರ, ವೀಡಿಯೊ, ಜಾಹೀರಾತುಗಳನ್ನು ತರಿಸಲು ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ಆ ಕ್ಷಣದಲ್ಲೇ ಪರೀಕ್ಷಿಸಿ ಬಿಡಬೇಕೋ ತಡೆಯಬೇಕೋ ಎಂದು ತೀರ್ಮಾನಿಸುತ್ತದೆ. ಕ್ರೋಮ್ ಬ್ರೌಸರ್, ಎಕ್ಸ್‌ಟೆನ್ಶನ್‌ಗಳು ಏನೇನು ಮಾಡಬಹುದೆಂದು ಹೇಳುವ ‘ಮ್ಯಾನಿಫೆಸ್ಟ್ ವಿ3’ ನಿಯಮಕ್ಕೆ ಬದಲಾದ ಮೇಲೆ ಅಲ್ಲಿ ಈ ಅಧಿಕಾರ ಉಳಿಯಲಿಲ್ಲ. ಹಾಗಾಗಿ ಲೈಟ್ ತನ್ನ ನಿಯಮಗಳ ಪಟ್ಟಿಯನ್ನು ಮೊದಲೇ ಬ್ರೌಸರಿನ ಕೈಗೆ ಕೊಟ್ಟು ಸುಮ್ಮನಿರುತ್ತದೆ. ಇದರಿಂದ ಪ್ರೊಸೆಸರಿನ ಹೊರೆ ಕಡಿಮೆಯಾಗುತ್ತದೆ, ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ವೀಡಿಯೊ ತಾಣಗಳು ಜಾಹೀರಾತು ತೋರಿಸುವ ಬಗೆಯನ್ನು ಆಗಾಗ ಬದಲಿಸುತ್ತಲೇ ಇರುತ್ತವೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಈಗಲೂ ನಡೆಯುವ ಪೂರ್ಣ ಆವೃತ್ತಿ, ಅಂದರೆ ಯುಬ್ಲಾಕ್ ಒರಿಜಿನ್, ಹೊಸ ಪಟ್ಟಿಯನ್ನು ತಾನೇ ತರಿಸಿಕೊಳ್ಳುತ್ತದೆ. ಲೈಟ್‌ನ ಪಟ್ಟಿಗಳು ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿ ಬಂದಾಗಷ್ಟೇ ಹೊಸತಾಗುತ್ತವೆ. ಹೀಗಾಗಿ ಎಕ್ಸ್‌ಟೆನ್ಶನ್ ಆರಿಸುವ ಮೊದಲು ಬ್ರೌಸರ್ ಯಾವುದೆಂದು ನಿರ್ಧರಿಸಬೇಕು ಎಂಬುದು ನನಗೆ ಮನವರಿಕೆಯಾಯಿತು. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲೂ ಪೂರ್ಣ ಆವೃತ್ತಿಯೇ ಸಿಗುತ್ತದೆ ಎಂಬುದು ಇನ್ನೊಂದು ಅನುಕೂಲ.

ಒಮ್ಮೆ ಹೆಚ್ಚು ರಕ್ಷಣೆ ಸಿಗಲೆಂದು ಎರಡು ಬ್ಲಾಕರ್‌ಗಳನ್ನು ಒಟ್ಟಿಗೆ ಹಾಕಿದೆ. ವೀಡಿಯೊ ಆರಂಭವಾಗದೆ ಪರದೆ ಕಪ್ಪಾಗಿಯೇ ಉಳಿಯಿತು, ಒಂದನ್ನು ತೆಗೆದ ಮೇಲೆ ಸರಿಹೋಯಿತು. ವೀಡಿಯೊ ಮಾಡಿದವರೇ ಮಾತಿನ ನಡುವೆ ಸೇರಿಸುವ ಪ್ರಾಯೋಜಕರ ಪ್ರಚಾರ ಮಾತ್ರ ಈ ಮೂರಕ್ಕೂ ಸಿಕ್ಕುವುದಿಲ್ಲ. ಅದಕ್ಕೆ ನೋಡುಗರು ಗುರುತಿಸಿದ ಭಾಗಗಳನ್ನು ಹಾರಿಸುವ ಸ್ಪಾನ್ಸರ್‌ಬ್ಲಾಕ್ ಬೇರೆಯೇ ಇದೆ.

ಈಗ ಆಯಿಯ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಮತ್ತು ಯುಬ್ಲಾಕ್ ಒರಿಜಿನ್ ಉಳಿದಿವೆ. ಜಾಹೀರಾತು ತಡೆದರೆ ವೀಡಿಯೊ ಹಾಕಿದವರಿಗೆ ಸಲ್ಲಬೇಕಾದ ಪಾಲು ತಪ್ಪುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಆದ್ದರಿಂದ ಅವಳು ಹೆಚ್ಚು ಕೇಳುವ ಕಲಾವಿದರ ಕೂಟ ನಮ್ಮ ಕಡೆ ನಡೆದಾಗ ಅವಳನ್ನು ಕರೆದುಕೊಂಡು ಹೋಗಿ, ಕೈಲಾದಷ್ಟು ದೇಣಿಗೆ ಕೊಟ್ಟು ಬರುತ್ತೇನೆ.