ಚೆರ್ನೋಬಿಲ್ ಫೋಟೋ ಟೂರ್: ಬೆಳಗಿನ ಆ ಎರಡು ತಾಸಿಗೆ ಕೊಟ್ಟ ದುಡ್ಡು

ಕೀವ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಮಾಮೂಲಿ ಬಸ್ ಟೂರ್‌ನವರೂ ಫೋಟೋಗ್ರಾಫರ್‌ಗಳಿಗೆಂದೇ ಇದ್ದ ಎರಡು ದಿನದ ಟೂರ್‌ನವರೂ ತೋರಿಸುತ್ತಿದ್ದ ಜಾಗಗಳು ಹೆಚ್ಚುಕಡಿಮೆ ಅವೇ. ಎರಡನೆಯದಕ್ಕೆ ಅಷ್ಟೊಂದು ಹೆಚ್ಚು ಹಣ ಯಾಕೆ ಅನ್ನುವುದಕ್ಕೆ ಉತ್ತರ ಸಿಗುವುದು ಎರಡನೇ ದಿನದ ಬೆಳಿಗ್ಗೆ. ಚೆರ್ನೋಬಿಲ್ ಊರಿನ ಹೋಟೆಲಿನಲ್ಲೇ ತಂಗಿರುತ್ತೀರಲ್ಲ, ಕೀವ್‌ನ ಬಸ್ಸುಗಳು ಇನ್ನೂ ಅಣುಸ್ಥಾವರದ ಸುತ್ತಲಿನ ನಿರ್ಬಂಧಿತ ವಲಯದ ಬಾಗಿಲಾದ ದಿತ್ಯಾತ್ಕಿ ಚೆಕ್‌ಪೋಸ್ಟಿನಲ್ಲಿ ಪಾಸ್‌ಪೋರ್ಟ್ ತೋರಿಸುತ್ತ ನಿಂತಿರುವಾಗ ನೀವು 1986ರ ಅಪಘಾತದ ನಂತರ ಖಾಲಿಯಾದ ಪ್ರಿಪ್ಯಾತ್ ಊರಿನಲ್ಲಿರುತ್ತೀರಿ. ಇಡೀ ಚೌಕದಲ್ಲಿ ನಿಮ್ಮ ಗುಂಪು ಬಿಟ್ಟರೆ ಯಾರೂ ಇಲ್ಲ. ಬೆಳಕೂ ಇನ್ನೂ ಓರೆಯಾಗಿಯೇ ಇರುತ್ತದೆ.

ನಾನು ಹೋಗಿದ್ದು 2019ರ ಅಕ್ಟೋಬರ್‌ನಲ್ಲಿ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆ ಈ ವಲಯದ ಮೂಲಕವೇ ನುಗ್ಗಿತು, ಪ್ರವಾಸಗಳು ನಿಂತವು. ಆದರೂ ನನ್ನ ಫೋಟೋ ನೋಡಿದವರು ಮತ್ತೆ ಶುರುವಾದರೆ ಹೋಗಬಹುದಾ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಆಯೋಜಕರ ಹೆಸರು ಬೇಡ.

ಮೊದಲು ಜಗಳದ ವಿಷಯ. ಇವರ ಜಾಹೀರಾತಿನಲ್ಲಿದ್ದ ಚಿತ್ರಗಳಲ್ಲಿ ಅರ್ಧಕ್ಕರ್ಧ ಕಟ್ಟಡಗಳ ಒಳಗಿನವು: ಲಜೂರ್ನಿ ಈಜುಕೊಳ, ಶಾಲೆಯ ನೆಲದ ಮೇಲೆ ರಾಶಿಬಿದ್ದ ಗ್ಯಾಸ್ ಮಾಸ್ಕ್‌ಗಳು, ಆಸ್ಪತ್ರೆಯ ಮಂಚಗಳು. ಆದರೆ ಪ್ರಿಪ್ಯಾತ್‌ನ ಕಟ್ಟಡಗಳೊಳಗೆ ಹೋಗಬಾರದು ಅಂತ ನಿಯಮವೇ ಇತ್ತು. ಅದಕ್ಕೆ ಕಾರಣವೂ ಇದೆ, ಒಂದನೇ ನಂಬರ್ ಶಾಲೆಯ ಒಂದು ಭಾಗ 2005ರಲ್ಲೇ ಕುಸಿದುಬಿದ್ದಿದೆ. ನಮ್ಮ ಗೈಡ್ ನಿಯಮ ಬಿಡದ ಹುಡುಗ, ನನಗೆ ಅವನ ಮೇಲೆ ಸಿಟ್ಟಿಲ್ಲ. ಆಗದ ಕೆಲಸದ ಫೋಟೋ ಹಾಕಿ ದುಡ್ಡು ತಗೊಂಡವರ ಮೇಲೆ ಇದೆ. ರಾತ್ರಿ ಆಕಾಶದ ಚಿತ್ರಗಳನ್ನೂ ಹಾಕಿದ್ದರು. ವಲಯದೊಳಗೆ ರಾತ್ರಿ ಕರ್ಫ್ಯೂ. ಹೋಟೆಲ್ ಬಾಗಿಲು ದಾಟಿ ಹೋಗುವ ಹಾಗೇ ಇರಲಿಲ್ಲ.

ಜೊತೆಗೆ ಬಂದಿದ್ದ ‘ಮಾರ್ಗದರ್ಶಕ ಛಾಯಾಗ್ರಾಹಕ’ರಿಂದ ನಾನು ಕಲಿತಿದ್ದು ಏನೂ ಇಲ್ಲ. ಕಪಾಚಿ ಹಳ್ಳಿಯ ಮನೆಗಳನ್ನು ಅಪಘಾತದ ನಂತರ ಕೆಡವಿ ಹೂತುಹಾಕಿದ್ದರು. ಉಳಿದ ಕೆಲವೇ ಕಟ್ಟಡಗಳಲ್ಲಿ ಶಿಶುವಿಹಾರ ಒಂದು, ಅಲ್ಲಿ ಒಳಗೆ ಬಿಡುತ್ತಿದ್ದರು. ಕಬ್ಬಿಣದ ಪುಟ್ಟ ಮಂಚದ ಮೇಲೆ ಗೊಂಬೆ, ಅದರ ಮುಖಕ್ಕೆ ಸರಿಯಾಗಿ ಕಿಟಕಿ ಬೆಳಕು. ಇಷ್ಟು ವರ್ಷ ಅದು ತಾನಾಗೇ ಹಾಗೆ ಕೂತಿದೆಯೇ? ಯಾರೋ ಪ್ರವಾಸಿಗರು ಜೋಡಿಸಿದ್ದು ಅಂತ ಗೈಡ್ ನಕ್ಕು ಹೇಳಿದ. ಅಷ್ಟರಲ್ಲಿ ನಮ್ಮ ಮಾರ್ಗದರ್ಶಕರು ಗ್ಲೌಸ್ ಹಾಕಿಕೊಂಡು ಗೊಂಬೆಯನ್ನು ಇನ್ನೊಂಚೂರು ಎಡಕ್ಕೆ ತಿರುಗಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅದೇ ಫೋಟೋ ತೆಗೆಸಿದರು. ಅಲ್ಲಿ ಏನನ್ನೂ ಮುಟ್ಟಬಾರದು ಅನ್ನುವುದು ಮೊದಲ ಪಾಠ! ಜಾಹೀರಾತಿನ ಗ್ಯಾಸ್ ಮಾಸ್ಕ್‌ಗಳ ಕಥೆಯೂ ಬೇರೆಯೇ, ಸೋವಿಯತ್ ಶಾಲೆಗಳಲ್ಲಿ ಅವನ್ನು ನಾಗರಿಕ ರಕ್ಷಣಾ ತರಬೇತಿಗೆಂದು ಇಟ್ಟಿರುತ್ತಿದ್ದರು. ಅಪಘಾತವಾದಾಗ ಮಕ್ಕಳು ಅವನ್ನು ಎಸೆದು ಓಡಿದರು ಅನ್ನುವುದು ಬರೀ ಕಲ್ಪನೆ. ಅದನ್ನೂ ಹೇಳಿದ್ದು ಗೈಡೇ.

ಪುಣ್ಯಕ್ಕೆ ಆ ಹುಡುಗನಿಗೆ ನನ್ನ ಮುಖ ಅರ್ಥವಾಯಿತು. ಉಳಿದವರು ಫೆರಿಸ್ ವೀಲ್ ಮುಂದೆ ಸರದಿ ನಿಂತಿದ್ದಾಗ (1986ರ ಮೇ ದಿನಕ್ಕೆ ಉದ್ಘಾಟನೆಯಾಗಬೇಕಿದ್ದ ಆ ಹಳದಿ ಚಕ್ರವನ್ನು ನೀವು ಎಲ್ಲೆಲ್ಲೂ ನೋಡಿರುತ್ತೀರಿ) ನನ್ನನ್ನೂ ಗುಂಪಿನ ಇನ್ನೊಬ್ಬರನ್ನೂ ಅವನು ಹತ್ತಿರದಲ್ಲೇ ಇದ್ದ ಅವನ್‌ಹಾರ್ಡ್ ಕ್ರೀಡಾಂಗಣಕ್ಕೆ ಕರೆದೊಯ್ದ. ಪ್ರೇಕ್ಷಕರ ಗ್ಯಾಲರಿ ಇನ್ನೂ ನಿಂತಿದೆ. ಅದರ ಮುಂದೆ ಮೈದಾನವಿಲ್ಲ, ದಟ್ಟ ಕಾಡು. ಗೋಲ್ ಕಂಬ ಇರಬೇಕಾದ ಕಡೆ ಮರಗಳು ಆಳೆತ್ತರ ದಾಟಿ ಎಷ್ಟೋ ಮೇಲಕ್ಕೆ ಹೋಗಿವೆ, ಅಕ್ಟೋಬರ್ ಆದ್ದರಿಂದ ಎಲೆಗಳೆಲ್ಲ ಹಳದಿ. ಸುಮಾರು ಐವತ್ತು ಸಾವಿರ ಜನರಿದ್ದ ಊರು ಏಪ್ರಿಲ್ 27ರ ಒಂದೇ ಮಧ್ಯಾಹ್ನ ಬಸ್ಸು ಹತ್ತಿ ಖಾಲಿಯಾದ ಮೇಲೆ ಏನಾಯಿತು ಅನ್ನುವುದನ್ನು ಯಾರೂ ಜೋಡಿಸಿಡದೆ ತೋರಿಸುವ ಜಾಗ ಇದು. ನನ್ನ ಒಳ್ಳೆಯ ಫೋಟೋಗಳೆಲ್ಲ ಅಲ್ಲಿಯವೇ, 35 ಎಂಎಂ ಲೆನ್ಸಿನಲ್ಲಿ ತೆಗೆದವು.

ಕ್ಷಿಪಣಿ ದಾಳಿಯ ಮುನ್ಸೂಚನೆಗೆಂದು ಸೋವಿಯತ್ ಕಾಲದಲ್ಲಿ ಕಟ್ಟಿದ ದುಗಾ ರಡಾರ್‌ಗೆ ಮಾತ್ರ ವೈಡ್ ಲೆನ್ಸ್ ಬೇಕೇಬೇಕು. ಸುಮಾರು 150 ಮೀಟರ್ ಎತ್ತರ, ಅದಕ್ಕೂ ಎಷ್ಟೋ ಪಟ್ಟು ಉದ್ದ. ಬುಡದಲ್ಲಿ ನಿಂತರೆ ಯಾವ ಲೆನ್ಸಿಗೂ ಪೂರ್ತಿ ಸಿಗುವುದಿಲ್ಲ, ಕತ್ತೆತ್ತಿ ಜಾಲರಿಯ ಲಯವನ್ನಷ್ಟೇ ಹಿಡಿಯಬೇಕು. ಅಪಘಾತವಾದ ನಾಲ್ಕನೇ ರಿಯಾಕ್ಟರ್ ಮೇಲಿನ ಉಕ್ಕಿನ ಕಮಾನನ್ನು ಸ್ಮಾರಕದ ಕಡೆಯಿಂದ ಮಾತ್ರ ತೆಗೆಯಬಹುದಿತ್ತು. ಚೆಕ್‌ಪೋಸ್ಟ್‌ಗಳತ್ತ ಕ್ಯಾಮೆರಾ ಎತ್ತಲೇಬೇಡಿ. ಆ ಕಮಾನಿಗೆ 2025ರ ಫೆಬ್ರವರಿಯಲ್ಲಿ ಡ್ರೋನ್ ಬಡಿದು ತೂತಾಯಿತು. ನನ್ನ ಫೋಟೋದಲ್ಲಿ ಅದಿನ್ನೂ ಫಳಫಳ ಹೊಳೆಯುತ್ತಿದೆ.

ಊಟ ಸ್ಥಾವರದ ಕೆಲಸಗಾರರ ಕ್ಯಾಂಟೀನಿನಲ್ಲಿ, ಹೊಟ್ಟೆ ತುಂಬುತ್ತಿತ್ತು. ತುಂಬುತೋಳು, ಉದ್ದ ಪ್ಯಾಂಟು, ಮುಚ್ಚಿದ ಶೂ ಕಡ್ಡಾಯವಾಗಿತ್ತು. ಬ್ಯಾಗನ್ನು ನೆಲಕ್ಕೆ ಇಡುವಂತಿರಲಿಲ್ಲ, ಹಾಗಾಗಿ ಲೆನ್ಸ್ ಬದಲಿಸಲು ಸೊಂಟಕ್ಕೆ ಕಟ್ಟುವ ಚೀಲ ಒಯ್ಯಿರಿ. ಟ್ರೈಪಾಡ್‌ಗೆ ಗೈಡ್ ಅಡ್ಡಿ ಮಾಡಲಿಲ್ಲ, ವ್ಯಾನಿಗೆ ಹತ್ತುವ ಮುಂಚೆ ಕಾಲುಗಳನ್ನು ಒರೆಸಲು ಹೇಳುತ್ತಿದ್ದ. ಹೊರಬರುವಾಗ ಮೈಗೆ ವಿಕಿರಣದ ಧೂಳು ಅಂಟಿದೆಯೇ ಅಂತ ನೋಡಲು, ಸೋವಿಯತ್ ಕಾಲದ ಹಾಗೆ ಕಾಣುವ ಕಬ್ಬಿಣದ ಚೌಕಟ್ಟಿನಲ್ಲಿ ನಿಂತು ಎರಡೂ ಬದಿಗೆ ಅಂಗೈ ಒತ್ತಬೇಕಿತ್ತು, ಏನೂ ಇಲ್ಲ ಅನ್ನುವ ದೀಪ ಹತ್ತಿದರೆ ಬಿಡುತ್ತಿದ್ದರು. ವಿಕಿರಣ ಅಳೆಯುವ ಡೋಸಿಮೀಟರ್‌ಗೆ ಬೇರೆ ಬಾಡಿಗೆ. ಇಷ್ಟು ದುಡ್ಡು ಪಡೆದವರು ಅದನ್ನು ಸೇರಿಸಿಯೇ ಕೊಡಬಹುದಿತ್ತು.

ಐದಕ್ಕೆ ಮೂರು ಕೊಡುತ್ತೇನೆ, ಆ ಮೂರೂ ಗೈಡ್‌ಗೆ ಮತ್ತು ಬೆಳಗಿನ ಹೊತ್ತಿಗೆ. ಮುಂದೆ ಎಂದಾದರೂ ವಲಯ ತೆರೆದರೆ, ಪಾಠ ಹೇಳುವವರಿಲ್ಲದ, ಆದರೆ ಒಳಗೇ ರಾತ್ರಿ ತಂಗುವ ಸಣ್ಣ ಗುಂಪಿನ ಟೂರ್ ಹುಡುಕಿ. ಕ್ರೀಡಾಂಗಣ ಇವರ ಪಟ್ಟಿಯಲ್ಲೇ ಇರಲಿಲ್ಲ, ದುಡ್ಡು ಕಟ್ಟುವ ಮುಂಚೆ ಕೇಳಿ ಸೇರಿಸಿಕೊಳ್ಳಿ.