ಸೋರೋ ರೇಡಿಯೇಟರ್: ರಿಪೇರಿನೋ, ಹೊರಗಿನ ಮಾಲೋ, ಕಂಪನಿದೋ?

ಮೊದಲ ಹೇಳಿಬಿಡ್ತೀನ್ರಿ, ನನ್ನ ಓಟು ಕಂಪನಿ ರೇಡಿಯೇಟರಿಗೆ. ಅದೂ ಶೋರೂಮಿನಾಗ ಹಾಕಿಸಿದ್ದಲ್ಲ, ಪಾರ್ಟ್ ಅಷ್ಟ ಕೌಂಟರಿನಾಗ ಬಿಲ್ ಹಾಕ್ಸಿ ತಂದು ನಮ್ಮ ಖಾಯಂ ಮಿಸ್ತ್ರಿ ಕಡೆ ಕೂಡ್ಸಿದ್ದು. ಗಾಡಿ ಹಳೇ ವ್ಯಾಗನ್ ಆರ್, ಸೆಕೆಂಡ್ ಹ್ಯಾಂಡ್, ಮೊದಲಿನ ಮಾಲಕರು ಹೊರಗಿನ (ಗಾಡಿ ಕಂಪನಿದಲ್ಲದ, ಬ್ಯಾರೆಯವರು ಮಾಡಿದ) ರೇಡಿಯೇಟರ್ ಹಾಕ್ಸಿದ್ರು, ಅದು ಸೋರಾಕ ಹತ್ತಿತು, ಅಲ್ಲಿಂದ ರಿಪೇರಿ ಆತು, ಇನ್ನೊಂದು ಹೊರಗಿಂದು ಆತು, ಕಡೀಗೆ ಕಂಪನಿದು ಬಂತು.

ಸೋರೂದು ಹಿಡಿಯೂದ ಒಂದು ತಲಿಬ್ಯಾನಿ. ಮುಂಜಾನೆ ಗಾಡಿ ತಣ್ಣಗ ನಿಂತಾಗ ಕೆಳಗ ಕೂಲಂಟಿನ (ಇಂಜಿನ್ ತಂಪು ಇಡೂ ನೀರಿನ) ಹಸಿರು ಹನಿ, ಗ್ಯಾರೇಜಿಗೆ ಮುಟ್ಟೂದ್ರಾಗ ಒಣಾ ಒಣಾ! ಮ್ಯಾಲಿನ ಕರಿ ಟ್ಯಾಂಕಿ ಪ್ಲಾಸ್ಟಿಕ್ಕು, ನಡುವಿನ ಜಾಲಿ ಅಲ್ಯೂಮಿನಿಯಮ್ಮು, ಎರಡರ ನಡುವ ರಬ್ಬರ್ ಪ್ಯಾಕಿಂಗ್ ಇಟ್ಟು ಅಲ್ಯೂಮಿನಿಯಮ್ ಹಲ್ಲು ಮಡಚಿ ಬಿಗಿದಿರ್ತಾರ. ರಬ್ಬರ್ ಬಿರುಸಾದ ಮ್ಯಾಲೆ ತಣ್ಣಗಿದ್ದಾಗ ಸಂದು ಬಿಡ್ತೈತಿ, ಬಿಸಿಗೆ ಹಿಗ್ಗಿ ಮುಚ್ಕೋತೈತಿ. ಅದಕ್ಕ ರಾತ್ರಿನ ಗಾಡಿ ಗ್ಯಾರೇಜಿನಾಗ ಬಿಟ್ಟು, ಮುಂಜಾನೆ ಸ್ಟಾರ್ಟ್ ಮಾಡೂಕಿಂತ ಮೊದಲ ಪ್ರೆಶರ್ ಪಂಪ್ ಹಚ್ಚಸ್ರಿ. ರೇಡಿಯೇಟರ್ ಕ್ಯಾಪ್ ಮ್ಯಾಲೆ 0.9 ಅಥವಾ 1.1 ಅಂತ (ಒತ್ತಡ, ಬಾರ್ ಲೆಕ್ಕದಾಗ) ಬರದಿರ್ತೈತಿ, ಅಷ್ಟಕ್ಕ ಪಂಪ್ ಹೊಡದ್ರ ಸಾಕು, ಜಾಸ್ತಿ ಹೊಡದ್ರ ಚಲೋ ಇದ್ದ ಜಾಗಾನೂ ಬಿಟ್ಕೋತೈತಿ. ಕ್ಯಾಪ್ ಹಳೇದಿದ್ರ ಅದನ್ನ ಮೊದಲ ಬದಲಿ ಮಾಡ್ರಿ, ಎಲ್ಲಕ್ಕಿಂತ ಕಡಿಮಿ ಖರ್ಚಿನ ಕೆಲಸ ಅದು.

ಲೀಕ್ ಬಂದ್ ಮಾಡೂ ಪುಡಿ, ಲಿಕ್ವಿಡ್, ಲಾರಿಯವರ ಅರಿಶಿಣ ಪುಡಿ: ಅರಬೈಲ್ ಘಾಟಿನಾಗ ಸಿಕ್ಕೊಂಡ್ರ ಹಾಕ್ರಿ, ಮನಿ ಮುಟ್ಟಿದ ಮ್ಯಾಲೆ ತೊಳಸ್ರಿ. ತೂತು ಮುಚ್ಚೂ ವಸ್ತು ರೇಡಿಯೇಟರಿನ ಸಣ್ಣ ನಳಿಗೀನೂ ಮುಚ್ತೈತಿ, ಅದಕ್ಕ ತೂತು ಯಾವುದು ನಳಿಗಿ ಯಾವುದು ಅಂತ ಗೊತ್ತಾಗೂದಿಲ್ಲ.

ರಿಪೇರಿಗೆ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಹೋಗಿದ್ದೆ. ಹಿಂದಿನ ಅಂಬಾಸಿಡರ್ ಕಾಲದ ತಾಮ್ರ-ಹಿತ್ತಾಳಿ ರೇಡಿಯೇಟರ್ ಆಗಿದ್ರ ಬೆಸಗಿ ಹಾಕಿ ಕೊಟ್ಟಬಿಡ್ತಿದ್ರು, ಈಗಿನ ಅಲ್ಯೂಮಿನಿಯಮ್ಮಿಗೆ ಆ ಬೆಸಗಿ ಹಿಡಿಯೂದಿಲ್ಲ. ಹಲ್ಲು ಬಿಚ್ಚಿ, ಹೊಸಾ ಪ್ಯಾಕಿಂಗ್ ಹಾಕಿ, ತಿರುಗಿ ಹಲ್ಲು ಮಡಚೂದು. ಉಸ್ತಾದ ಬಿಚ್ಚಿ ನೋಡಿ, "ಸರ, ಇದರ ತಗಡು ಭಾಳ ತೆಳ್ಳಗ ಐತ್ರಿ, ಹಲ್ಲು ಮುರೀತಾವು, ಗ್ಯಾರಂಟಿ ಕೇಳಬ್ಯಾಡ್ರಿ" ಅಂದ. ಮಡಚೂ ಮುಂದ ನನ್ನ ಕಣ್ಣ ಮುಂದನ ಮೂಲ್ಯಾಗಿನ ಹಲ್ಲು ಪಟ್ ಅಂದ್ವು. ಕೆಲಸಗಾರಂದು ತಪ್ಪಿಲ್ಲ, ಮಾಲ ಹಂಗಿತ್ತು. ಸ್ವಲ್ಪ ದಿನ ನಡೀತು, ಆಮ್ಯಾಲೆ ಅದ ಮೂಲ್ಯಾಗ ಸೋರಿತು.

ಆಮ್ಯಾಲೆ ಅಂಗಡ್ಯಾಗಿಂದ ಹೊಸಾ ಹೊರಗಿನ ಮಾಲು. ಕಂಪನಿ ರೇಟಿನ ಹೆಚ್ಚುಕಮ್ಮಿ ಅರ್ಧ. ನೀರು ಸೋರಲಿಲ್ಲ ಖರೆ, ಆದ್ರ ಕೂಡಲಿಲ್ಲ! ರೇಡಿಯೇಟರ್ ಕೆಳಗ ಎರಡು ಗೂಟ ಇರ್ತಾವ, ಅವು ಕೆಳಗಿನ ಪಟ್ಟಿಯೊಳಗಿನ ರಬ್ಬರ್ ಬುಷ್‌ನಾಗ ಬಿಗಿಯಾಗಿ ಕೂಡಬೇಕು. ಇದರ ಗೂಟ ಸಣ್ಣು, ಬುಷ್ ಒಳಗ ಕೂಡಿಸಿದ್ರ ಅತ್ತಿತ್ತ ಅಲ್ಲಾಡ್ತಿತ್ತು. ಮಿಸ್ತ್ರಿ ಹಳೇ ಟ್ಯೂಬ್ ಕತ್ತರಿಸಿ ಸುತ್ತಿದ. ಮುಂದ ಫ್ಯಾನಿನ ಚೌಕಟ್ಟು: ಮ್ಯಾಲಿನ ಎರಡು ಬೋಲ್ಟ್ ಸರಿ ಬಂದ್ವು, ಕೆಳಗಿನ ತೂತು ಬೆರಳಿನ ಅಗಲದಷ್ಟು ಬಾಜೂಕ. ಅಂಗಡಿಗೆ ಫೋನ್ ಹಚ್ಚಿದ್ರ "ಸರ ಅದು ಎಲ್ಲಾ ಗಾಡಿಗೂ ಅದ ಬರ್ತೈತಿ, ಅಡ್ಜಸ್ಟ್ ಮಾಡ್ಕೋರಿ" ಅಂತಾನ. ಅಡ್ಜಸ್ಟ್ ಅಂದ್ರ ಏನು, ಚೌಕಟ್ಟಿಗೆ ಹೊಸಾ ತೂತು ಹೊಡಿಯೂದು, ಇಲ್ಲಾ ಕೇಬಲ್ ಟೈ ಕಟ್ಟೂದು. ಕಟ್ಟಿದ್ವಿ. ಹಂಪ್ ಬಂದಾಗೆಲ್ಲಾ ಫ್ಯಾನ್ ರೆಕ್ಕಿ ಚೌಕಟ್ಟಿಗೆ ತಾಗಿ ಕಟಕಟ, ಕಟಕಟ, ಹಿಂದಿನ ಸೀಟಿನಾಗ ಕುಂತ ಅವ್ವ "ಗಾಡ್ಯಾಗ ಇಲಿ ಹೊಕ್ಕೈತೇನೋ" ಅಂತ ಕೇಳೂದು.

ಇಷ್ಟಕ್ಕ ಮುಗೀಲಿಲ್ಲ. ಹಳೇದರ ಬಾಜೂಕ ಸ್ಪಂಜಿನ ಪಟ್ಟಿ ಅಂಟಿಸಿರ್ತಾರ, ಗಾಳಿ ಜಾಲಿಯೊಳಗಿಂದನ ಹೋಗ್ಲಿ, ಸಂದ್ಯಾಗಿಂದ ಹಾದು ಹೋಗಬಾರದು ಅಂತ. ಇದಕ್ಕ ಅದೂ ಇಲ್ಲ. ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಾಗ ಏಸಿ ಹಚ್ಚಿ ನಿಂತ್ರ ಫ್ಯಾನು ಒಂದ ಸಮನ ತಿರುಗೂದು, ನಿಲ್ಲೂ ಮಾತ ಇಲ್ಲ. ಅಲ್ಲಾಡೂ ರೇಡಿಯೇಟರ್ ಭಾರ ಎಲ್ಲಾ ಹೋಸ್ ಪೈಪಿನ ಕುತ್ತಿಗಿ ಮ್ಯಾಲೆ ಬೀಳ್ತೈತಿ, ಪ್ಲಾಸ್ಟಿಕ್ ಎಷ್ಟು ದಿನ ತಡೀತೈತಿ ಹೇಳ್ರಿ? ಕುತ್ತಿಗಿ ಬುಡದಾಗ ಕೂದಲೆಳಿ ಅಂಥಾ ಬಿರುಕು ಕಂಡಿದ್ದ ತಡ, ಬ್ಯಾಡ ಇದರ ಸಹವಾಸ ಅಂದೆ.

ಕಂಪನಿದು ತಂದ ದಿನ ಹೇಳೂವಂಥದ್ದು ಏನೂ ನಡೀಲಿಲ್ಲ. ಗೂಟ ಬುಷ್‌ನಾಗ ಕುಂತ್ವು, ಬೋಲ್ಟ್ ಕೈಲೆ ತಿರುಗಿಸಿದ್ರ ಹತ್ತಿದ್ವು, ನಾ ಚಾ ಕುಡದು ಬರೂದ್ರಾಗ ಮಿಸ್ತ್ರಿ ಹೋಸ್ ಕ್ಲಿಪ್ ಹಾಕಾಕತ್ತಿದ್ದ. ರೊಕ್ಕ ಡಬಲ್, ಆದ್ರ ಮಜೂರಿ ಅಷ್ಟ. ಹೊರಗಿನ ಮಾಲಿಗೆ ಬಿಚ್ಚೂ ಮಜೂರಿ, ಕೂಡಿಸೂ ಮಜೂರಿ, ಪ್ರತಿ ಸಲ ಚೆಲ್ಲೂ ಕೂಲಂಟ್ ಲೆಕ್ಕಾ ಹಿಡದ್ರ ನಾ ಕಂಪನಿದಕ್ಕಿಂತ ಜಾಸ್ತಿನ ಕೊಟ್ಟೇನಿ. ಕೂಲಂಟ್ ವಿಷಯದಾಗ ಒಂದ ಮಾತು, ಬೋರಿನ ಸವಳು ನೀರು ಬ್ಯಾಡ, ಡಿಸ್ಟಿಲ್ಡ್ ನೀರು ಅರ್ಧ ಕೂಲಂಟ್ ಅರ್ಧ, ರೆಡಿಮಿಕ್ಸ್ (ಮೊದಲ ನೀರು ಬೆರಸಿದ ಕೂಲಂಟ್) ಇದ್ರ ನೀರು ಕೂಡಿಸಬ್ಯಾಡ್ರಿ.

ನಾನಂತೂ ಗಾಡಿ ಸಾಯೂತನಕ ಹೊಡಿಯೂ ಮನುಷ್ಯ, ಹೆಂಡ್ತಿ ತವರಮನಿ ಅಂಕೋಲಾ, ಘಾಟ್ ತಪ್ಪೂದಿಲ್ಲ, ಅದಕ್ಕ ನನಗ ಬ್ಯಾರೆ ದಾರಿ ಇಲ್ಲ. ಬರೇ ಧಾರವಾಡ-ಹುಬ್ಬಳ್ಳಿ ಓಡಾಡವರು, ಇಲ್ಲಾ ಗಾಡಿ ಮಾರೂ ವಿಚಾರದಾಗ ಇದ್ದವರು, ನಿಮ್ಮ ಗಾಡ್ಯಾಗ ಇನ್ನೂ ಮೂಲ ಕಂಪನಿ ರೇಡಿಯೇಟರ್ ಇದ್ರ ಅದರ ಪ್ಯಾಕಿಂಗ್ ಬದಲಿ ಮಾಡಸ್ರಿ, ಜಾಲಿ ಚಲೋ ಇತ್ತಂದ್ರ ಕಡಿಮಿ ರೊಕ್ಕದಾಗ ಕೆಲಸ ಆಗ್ತೈತಿ. ಹೊಸಾದು ಕೊಳ್ಳವರು ಕೌಂಟರಿಗೆ ಆರ್‌ಸಿ ಒಯ್ರಿ, ಚಾಸಿ ನಂಬರ್ ಹಾಕಿ ಪಾರ್ಟ್ ತಗಸ್ರಿ, ಮತ್ತ ಗೂಟದ ಬುಷ್ ಎರಡೂ ಅಲ್ಲೇ ಕೇಳಿ ತೊಗೋರಿ, ಹಳೇವು ಹೆಂಗೂ ಹರಿದಿರ್ತಾವ.