14 ಕೆಜಿ ರೇಯಾನ್ ಕುರ್ತಾ ಬಟ್ಟೆ: ವರ್ಷಗಟ್ಟಲೆ ತೊಟ್ಟು ಒಗೆದ ಮೇಲೆ

ಅಂಗಡಿಯವರು ‘14 ಕೆಜಿ’ ಅನ್ನುವುದು ನೂರು ಮೀಟರ್ ಬಟ್ಟೆಯ ತೂಕವನ್ನು. ಇದಕ್ಕಿಂತ ತೆಳುವಾದದ್ದು ಕುರ್ತಾಕ್ಕೆ ಬೇಡ, ಲೈನಿಂಗ್ ಹಾಕದಿದ್ದರೆ ಬಿಸಿಲಿಗೆ ಒಳಗಿನದೆಲ್ಲ ಕಾಣುತ್ತದೆ. ಮೈಮೇಲೆ ಇಳಿಬೀಳುವ ರೀತಿ ಚೆಂದ, ಬೆವರು ಹೀರುವುದರಲ್ಲಿ ಹತ್ತಿಗಿಂತ ಒಂದು ಕೈ ಮೇಲು. ಮರದ ತಿರುಳಿನಿಂದ ಬಂದ ನಾರು ತಾನೆ! ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ತೆಗೆಯುವುದೂ ಈ ಜಾತಿಯ ತಿರುಳನ್ನೇ.

ತಕರಾರೆಲ್ಲ ಶುರುವಾಗುವುದು ನೀರಿಗೆ ಬಿದ್ದ ಮೇಲೆ. ಹತ್ತಿ ನೆನೆದರೆ ಗಟ್ಟಿಯಾಗುತ್ತದೆ. ರೇಯಾನ್ ನೆನೆದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಒಗೆಯುವ ಕಲ್ಲಿನ ಮೇಲೆ ಬಡಿದರೆ, ತಿರುಚಿ ಹಿಂಡಿದರೆ ನಾರಿನ ತುದಿಗಳು ಎದ್ದು ಗಂಟುಗಂಟಾಗಿ ಬಟ್ಟೆ ಹಳೆಯದರ ಹಾಗೆ ಕಾಣುತ್ತದೆ. ಮೆಷಿನ್‌ಗೆ ಹಾಕುವುದಾದರೆ ಒಳಮೈ ಹೊರಗೆ ಮಾಡಿ, ಬಲೆಚೀಲದಲ್ಲಿಟ್ಟು, ತಣ್ಣೀರು, ಡೆಲಿಕೇಟ್, ಸ್ಪಿನ್ ಕಡಿಮೆ. ಒದ್ದೆ ಕುರ್ತಾವನ್ನು ಹ್ಯಾಂಗರಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಭುಜ ಜಗ್ಗಿ ಗೂಟದಂಥ ಉಬ್ಬು ಮೂಡುತ್ತದೆ. ಹಗ್ಗದ ಮೇಲೆ ನಡುಭಾಗ ಬರುವಂತೆ ನೆರಳಲ್ಲಿ ಹರವಿ.

ಕುಗ್ಗುವ ವಿಷಯ ಹೊಲಿಸುವ ಮುಂಚೆಯೇ ಮುಗಿಸಿಬಿಡಬೇಕು. ಎರಡೂವರೆ ಮೀಟರ್ ಬಟ್ಟೆ ನೂರಕ್ಕೆ ಐದರಷ್ಟು ಕುಗ್ಗಿದರೂ ಹನ್ನೆರಡೂವರೆ ಸೆಂಟಿಮೀಟರ್ ಹೋಯಿತು, ಅದೂ ಹೆಚ್ಚಾಗಿ ಉದ್ದದಲ್ಲಿ. ಒಂದು ಗಂಟೆ ತಣ್ಣೀರಲ್ಲಿ ಮುಳುಗಿಸಿಟ್ಟು, ಹಿಂಡದೆ ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಒಳಮೈಗೆ ಮಧ್ಯಮ ಬಿಸಿಯ ಇಸ್ತ್ರಿ ಹಾಕಿ ಆಮೇಲೆ ಕತ್ತರಿಸಲು ಕೊಡಿ. ಹೊರಮೈಗೆ ಜೋರು ಇಸ್ತ್ರಿ ಬಿದ್ದರೆ, ಅದರಲ್ಲೂ ಕಪ್ಪು, ನೇವಿ ಬಣ್ಣದಲ್ಲಿ, ಹೊಲಿಗೆ ದಪ್ಪವಿರುವ ಕಡೆಯೆಲ್ಲ ಹೊಳಪು ಕಲೆ ನಿಲ್ಲುತ್ತದೆ.

ಕುರ್ತಾ ಸೋಲುವುದು ಕಂಕುಳಲ್ಲಿ. ದಾರ ಕಿತ್ತಿರುವುದಿಲ್ಲ; ಹೊಲಿಗೆ ಹಾಗೇ ಇದ್ದು ಅದರ ಪಕ್ಕದ ಎಳೆಗಳು ಸರಿದು ಏಣಿಯ ಮೆಟ್ಟಿಲಿನಂತೆ ಸಂದು ಬಿಡುತ್ತವೆ. ನುಣುಪು ನೂಲು, ಸಡಿಲ ನೇಯ್ಗೆ, ಮೇಲೆ ಬಿಗಿ ಅಳತೆ, ಇವು ಮೂರೂ ಸೇರಿದರೆ ಹೀಗಾಗುತ್ತದೆ. ಟೈಲರ್‌ಗೆ 11ನೇ ನಂಬರ್ ಸೂಜಿ, ಸಣ್ಣ ಹೊಲಿಗೆ, ಓವರ್‌ಲಾಕ್, ಎದೆಸುತ್ತಳತೆಯಲ್ಲಿ ಧಾರಾಳ ಲೂಸ್ ಎಂದು ಮೊದಲೇ ಹೇಳಿ. ರೆಡಿಮೇಡ್ ಕೊಳ್ಳುವವರು ಕಂಕುಳ ಹೊಲಿಗೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆದು ನೋಡಲಿ.

‘ಕಾಟನ್ ರೇಯಾನ್’ ಎಂಬ ಚೀಟಿ ನಂಬಬೇಡಿ, ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುವುದೂ ಉಂಟು. ಅಂಚಿನ ನಾಲ್ಕು ಎಳೆ ಕಿತ್ತು ಇಕ್ಕುಳದಲ್ಲಿ ಹಿಡಿದು ಸುಡಿ: ರೇಯಾನ್ ಕಾಗದ ಸುಟ್ಟ ವಾಸನೆಯಲ್ಲಿ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಳಿಗೆ ಉಳಿಯುತ್ತದೆ. ಆದರೆ ಹತ್ತಿಯೂ ರೇಯಾನಿನಂತೆಯೇ ಸುಡುವುದರಿಂದ ಅವೆರಡನ್ನು ಬೇರ್ಪಡಿಸಲು ಇದು ಸಾಲದು. ಎಳೆಗೆ ನೀರು ಮುಟ್ಟಿಸಿ ಎಳೆಯಿರಿ, ಒದ್ದೆಯಾದ ಕಡೆಯೇ ಸುಲಭವಾಗಿ ತುಂಡಾದರೆ ರೇಯಾನ್.

ಮನೆಯಲ್ಲಿ, ಆಫೀಸಿಗೆ ಬೇಸಿಗೆಯಲ್ಲಿ ತೊಡಲು ಐದಕ್ಕೆ ನಾಲ್ಕು ಕೊಡಬಹುದು. ದಿನಾ ಒಗೆಯಲೇಬೇಕಾದ ಯೂನಿಫಾರ್ಮಿಗೆ ಎರಡು. ಅಂಥದ್ದಕ್ಕೆ ದುಬಾರಿಯಾದರೂ ಒದ್ದೆಯಲ್ಲಿ ಬಲ ಉಳಿಸಿಕೊಳ್ಳುವ ಲಯೋಸೆಲ್ (ಮರದ ತಿರುಳಿನದೇ ಇನ್ನೊಂದು ನಾರು), ಇಲ್ಲವೇ ಹತ್ತಿ ತೆಗೆದುಕೊಳ್ಳಿ.